ಕರಡಿ ಮರಿಯ ಪಂಚಾಂಗ

ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಐವತ್ತು ದಾಟಿದ ಯಾರನ್ನೇ ನಿಲ್ಲಿಸಿ ‘ಕರಡಿ ನೋಡೀರೇನ್ರಿ?’ ಎಂದು ಕೇಳಿ. ‘ನೋಡೂದೇನ ಬಂತ್ರಿ, ಮ್ಯಾಲೆ ಕುಂತೇವಿ’ ಎನ್ನುತ್ತಾರೆ. ‘ಅಡವ್ಯಾಗ?’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಎರೆಭೂಮಿಯ ನಮಗೆ ಅಡವಿಯೆಲ್ಲಿಂದ ಬರಬೇಕು? ಹತ್ತಿ, ಜೋಳ, ಕಡಲೆ, ಕುಸುಬೆಯ ಆಚೆ ಕಣ್ಣಿಗೆ ಬೀಳುವುದು ಮತ್ತೆ ಹತ್ತಿ, ಜೋಳ. ಕಿತ್ತೂರಿನವರದು ಸ್ವಲ್ಪ ಬೇರೆ. ಅವರ ಪಶ್ಚಿಮಕ್ಕೆ ಖಾನಾಪುರ ತಾಲೂಕಿನ ಗೋಲಿಹಳ್ಳಿ, ನಾಗರಗಾಳಿ ಅರಣ್ಯ ವಲಯಗಳಿವೆ. ಅವುಗಳಾಚೆ 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮ. ಅಲ್ಲಿ ಕರಡಿ ನಿಜಕ್ಕೂ ಇದೆ. ಆದರೆ ಆ ಭಾಗದ ರೈತರ ಕರಡಿ ಕಥೆ ನಕ್ಕು ಹೇಳುವಂಥದ್ದಲ್ಲ. ಹೊಲಕ್ಕೆ ಹೋದವರು ಕರಡಿಯ ಉಗುರಿಗೆ ಸಿಕ್ಕ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇರುತ್ತದೆ.

ನಮ್ಮ ಕರಡಿ ಸಂತೆಗೆ ಬರುತ್ತಿತ್ತು. ಎಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಜನ ಸೇರಿದಾಗ ದಾರಿಬದಿಯಲ್ಲಿ ಇರುತ್ತಿತ್ತು. ಸುಗ್ಗಿ ಮುಗಿದ ಮೇಲೆ ಓಣಿ ಓಣಿ ತಿರುಗುತ್ತಿತ್ತು. ಆಡಿಸುವವನ ಒಂದು ಕೈಯಲ್ಲಿ ಡಮರು, ಇನ್ನೊಂದರಲ್ಲಿ ಕೋಲು ಮತ್ತು ಹಗ್ಗ. ‘ಅತ್ತೀ ಮನಿಗೆ ಹೆಂಗ ಹೊಕ್ಕಿ?’ ಎಂದು ಅವನು ಕೇಳಿದರೆ ಕರಡಿ ಹಿಂಗಾಲ ಮೇಲೆ ಎದ್ದು ಗಿರಕಿ ಹೊಡೆಯುತ್ತಿತ್ತು. ರಾತ್ರಿ ಬೆಚ್ಚಿ ಅಳುವ ಹುಡುಗರನ್ನು ಅದರ ಬೆನ್ನ ಮೇಲೆ ಕೂಡಿಸಿ ಇಳಿಸಿದರೆ ಅಂಜಿಕೆ ಹೋಗುತ್ತದೆಂಬ ನಂಬಿಕೆ. ಒಂದು ಚಿಟಿಕೆ ಕೂದಲು ಕೊಂಡು ತಾಯಿತಕ್ಕೆ ತುಂಬಿಸಿದರೆ ಮತ್ತೂ ಗಟ್ಟಿ. ನಮ್ಮ ದೊಡ್ಡವ್ವ ಎರಡನ್ನೂ ಮಾಡಿಸಿದಳು. ನನ್ನ ಅಂಜಿಕೆ ಹೋಯಿತೆಂದು ಅವಳು ಕಡೆತನಕ ಹೇಳಿಕೊಂಡು ತಿರುಗಿದಳು. ನನಗೆ ನೆನಪಿರುವುದು ಅಂಗೈಗೆ ಚುಚ್ಚಿದ ಆ ಒರಟು ಕೂದಲು, ಮತ್ತು ನಾನು ಅಷ್ಟು ಹೊತ್ತು ಮೇಲೆ ಕೂತರೂ ಅದು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ ಎಂಬುದು.

ಈಗ ಕರಡಿ ನಮ್ಮ ಮನೆಗೆ ಮೊಬೈಲಿನಲ್ಲಿ ಬರುತ್ತದೆ. ತಂದವಳು ಮೊಮ್ಮಗಳು. ಮಳೆಗಾಲದ ಒಂದು ಮುಂಜಾನೆ ಅಭ್ಯಾಸಕ್ಕೆ ಕೂತವಳು ಪುಸ್ತಕದ ಮೇಲೆ ಫೋನು ಇಟ್ಟುಕೊಂಡು ಉಸಿರು ಬಿಗಿಹಿಡಿದಿದ್ದಳು. ಅಮೆರಿಕದ ಅಲಾಸ್ಕದಲ್ಲಿ ಕಟ್ಮೈ ರಾಷ್ಟ್ರೀಯ ಉದ್ಯಾನವಿದೆ. ಅದರೊಳಗೆ ಬ್ರೂಕ್ಸ್ ಎಂಬ ಚಿಕ್ಕ ನದಿ, ಆ ನದಿಗೊಂದು ಆಳೆತ್ತರದ ಜಲಪಾತ. ದಂಡೆಯ ಮೇಲೆ ಕ್ಯಾಮೆರಾ ಇಟ್ಟಿದ್ದಾರೆ, ಜಗತ್ತಿನ ಯಾರು ಬೇಕಾದರೂ ನೋಡಬಹುದು. ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಹದಿಮೂರೂವರೆ ತಾಸು ಹಿಂದೆ. ನಾನು ಆರೂವರೆಗೆ ಚಹಾ ಹಿಡಿದು ಕೂತರೆ ಅಲ್ಲಿ ಹಿಂದಿನ ದಿನದ ಸಂಜೆ ಐದು. ಜುಲೈನಲ್ಲಿ ಅಲ್ಲಿ ಕತ್ತಲಾಗುವುದೇ ನಡುರಾತ್ರಿಯ ಹತ್ತಿರ; ಹಾಗಾಗಿ ನಮ್ಮ ನಾಷ್ಟಾ ಮುಗಿದು ಅಡುಗೆಗೆ ಬೇಳೆ ಇಡುವವರೆಗೂ ಕರಡಿಗಳ ಸಂಜೆ ಮುಗಿಯುವುದಿಲ್ಲ.

ಆ ಹೊತ್ತಿಗೆ ಅಲ್ಲಿ ಸಾಲ್ಮನ್ ಮೀನಿನ ಕಾಲ. ಸಿಹಿನೀರಿನಲ್ಲಿ ಹುಟ್ಟಿ ಸಮುದ್ರ ಸೇರಿ ಬೆಳೆದ ಮೀನು ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುತ್ತದೆ. ಪ್ರವಾಹಕ್ಕೆ ಎದುರಾಗಿ ಈಜಿ, ಜಲಪಾತ ಬಂದರೆ ಹಾರಿ ದಾಟುತ್ತದೆ. ಮೊಟ್ಟೆಯಿಟ್ಟು ಸಾಯುತ್ತದೆ. ಮುಂಗಾರಿನ ಮೊದಲ ನೆರೆಗೆ ಮೀನು ಹಳ್ಳ ಏರುವುದನ್ನು ಮಲೆನಾಡಿನವರು ಬಲ್ಲರು. ಹತ್ತುಮೀನು ಎಂದರೆ ಅವರ ಕಣ್ಣಲ್ಲಿ ಬೇರೆಯದೇ ಹೊಳಪು. ನಮ್ಮ ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ ನವಿಲುತೀರ್ಥದ ಕಟ್ಟೆಗೆ ಬಂದು ನಿಲ್ಲುತ್ತಾಳೆ, ಬಿಟ್ಟಷ್ಟು ನೀರಾಗಿ ರಾಮದುರ್ಗಕ್ಕೆ ಇಳಿಯುತ್ತಾಳೆ. ಆ ಕಟ್ಟೆ ಹಾರುವ ಮೀನು ಇನ್ನೂ ಹುಟ್ಟಿಲ್ಲ.

ಬ್ರೂಕ್ಸ್ ಜಲಪಾತದ ಕರಡಿಗಳಿಗೆ ಅಧಿಕಾರಿಗಳು ಸಂಖ್ಯೆ ಕೊಟ್ಟಿದ್ದಾರೆ, ಕೆಲವಕ್ಕೆ ಹೆಸರೂ ಬಂದಿದೆ. 128 ಎಂದರೆ ಗ್ರೇಜರ್, ತಾಯಿ ಕರಡಿ. 2024ರ ಜುಲೈನಲ್ಲಿ ಅವಳ ಎರಡು ಪುಟ್ಟ ಮರಿಗಳು ಜಲಪಾತದಿಂದ ಜಾರಿ ಕೆಳಗೆ ಬಿದ್ದವು. ಕೆಳಗಿದ್ದದ್ದು 32ನೇ ಸಂಖ್ಯೆಯ ದೈತ್ಯ ಗಂಡು, ಹೆಸರು ಚಂಕ್. ಅದು ಮರಿಗಳ ಮೇಲೆ ಎರಗಿತು, ಗ್ರೇಜರ್ ಅದರ ಮೇಲೆ ಎರಗಿದಳು. ಗಾಯಗೊಂಡ ಒಂದು ಮರಿ ಉಳಿಯಲಿಲ್ಲ. ಪ್ರತಿ ಶರತ್ಕಾಲದಲ್ಲಿ ಅಲ್ಲಿ ಯಾವ ಕರಡಿ ಚೆನ್ನಾಗಿ ಮೈತುಂಬಿದೆಯೆಂದು ಜನ ಮತ ಹಾಕುತ್ತಾರೆ. 2014ರಲ್ಲಿ ಒಂದು ದಿನದ ಆಟವಾಗಿ ಶುರುವಾದದ್ದು ಈಗ ವಾರದ ಉತ್ಸವ. 2024ರ ಕೊನೆಯ ಸುತ್ತಿನಲ್ಲಿ ಎದುರುಬದುರಾದವರು ಗ್ರೇಜರ್ ಮತ್ತು ಅವಳ ಮರಿ ಕೊಂದ ಅದೇ ಚಂಕ್. ಗ್ರೇಜರ್ ಗೆದ್ದಳು. ‘ದಪ್ಪ ಇದ್ದಾರಿಗೆ ಓಟ ಹಾಕೂದು ಹೊಸಾದೇನ್ರಿ? ನಾವು ಮೊದಲಿಂದ ಹಾಕೊಂತನ ಬಂದೇವಿ’ ಎಂದು ನನ್ನ ಹೆಂಡತಿ ರೊಟ್ಟಿ ತಟ್ಟುತ್ತಲೇ ತೀರ್ಪು ಕೊಟ್ಟಳು.

ನನಗೆ ಓಟಿಗಿಂತ ಉಳಿದ ಮರಿಯ ಚಿಂತೆ. ಮೊದಮೊದಲು ತಾಯಿ ನೀರಿಗಿಳಿದರೆ ಮರಿ ದಂಡೆಯ ಹುಲ್ಲಿನಲ್ಲಿ ಕೂತು ಅವಳ ಬಾಯಿಯನ್ನೇ ನೋಡುತ್ತಿತ್ತು. ಗಂಡು ಕರಡಿಯ ಸುಳಿವಾದರೆ ಓಟ. ತಾಯಿ ಮೀನು ತಂದರೆ ಮೈಮೇಲೆ ಬಿದ್ದು ಕಿತ್ತುಕೊಳ್ಳುವುದು. ವಾರಗಳು ಉರುಳಿದಂತೆ ಕತ್ತು ಕಾಣೆಯಾಯಿತು, ಹೊಟ್ಟೆ ಜೋತುಬಿತ್ತು, ತಾನೇ ನೀರಿಗೆ ಮುಖ ಹಾಕಿ ಸತ್ತ ಮೀನು ಎತ್ತುವಷ್ಟು ದೊಡ್ಡಸ್ತಿಕೆ ಬಂತು. ಇಷ್ಟು ಅವಸರ ಯಾಕೆಂದರೆ ಹಿಮ ಬೀಳುವ ಮೊದಲು ಗುಹೆ ಸೇರಬೇಕು. ಒಳಗೆ ತಿಂಗಳುಗಟ್ಟಲೆ ಅನ್ನ ನೀರಿಲ್ಲ. ಹೊರಬರುವಾಗ ಕರಡಿ ತನ್ನ ತೂಕದ ಮೂರರಲ್ಲೊಂದು ಪಾಲು ಕಳೆದುಕೊಂಡಿರುತ್ತದೆ.

‘ನಮ್ಮ ಕರಡಿ ಮೀನ ತಿನ್ನೂದಿಲ್ಲೇನಜ್ಜಾ?’ ಎಂದು ಮೊಮ್ಮಗಳು ಕೇಳಿದಳು.

ಉತ್ತರಕ್ಕೆ ನಾನು ದರೋಜಿಯ ದಾರಿ ಹಿಡಿದವನು. ನೆಪ ಅಕ್ಕನ ಮನೆ. ಅಕ್ಕನ ಮಗ ಕಮಲಾಪುರದ ಹತ್ತಿರ ಬಾಳೆ ಬೆಳೆಯುತ್ತಾನೆ. ಸವದತ್ತಿ, ನರಗುಂದ, ಗದಗ, ಕೊಪ್ಪಳ, ಹೊಸಪೇಟೆ ದಾಟಿದರೆ ಅವನ ಊರು. ಅಲ್ಲಿಂದ ದರೋಜಿ ಕರಡಿಧಾಮ ಕೂಗಳತೆಯಲ್ಲಿ ಅನ್ನಬಹುದು. ನಮ್ಮ ಸವದತ್ತಿ ರಾಮದುರ್ಗದ ಗುಡ್ಡಗಳು ಪದರು ಪದರಾದ ಮರಳುಗಲ್ಲು, ತಲೆ ಚಪ್ಪಟೆ. ಅಲ್ಲಿಯವು ಒಂದರ ಮೇಲೊಂದು ಯಾರೋ ಪೇರಿಸಿಟ್ಟ ಹೆಬ್ಬಂಡೆಗಳು, ನಡುವೆ ಸಂದಿ, ಸಂದಿಯೊಳಗೆ ತಂಪು. ಕರಡಿಗೆ ಬೇಕಾದದ್ದು ಆ ಸಂದಿ. 1994ರಲ್ಲಿ ಸರ್ಕಾರ ಇದನ್ನು ಕರಡಿಗಳಿಗಾಗಿಯೇ ಧಾಮವೆಂದು ಘೋಷಿಸಿತು; ಆಮೇಲೆ ಬುಕ್ಕಸಾಗರದ ಕಡೆಯ ಕಾಡನ್ನೂ ಸೇರಿಸಿ ಈಗ ಸುಮಾರು 82 ಚದರ ಕಿಲೋಮೀಟರು. ಕೂಡ್ಲಿಗಿ ತಾಲೂಕಿನ ಗುಡೇಕೋಟೆಯಲ್ಲಿ 2013ರಲ್ಲಿ ಇನ್ನೊಂದು ಕರಡಿಧಾಮವಾಯಿತು.

ನಮ್ಮ ಕರಡಿಗೆ ಮೀನಿನ ಗೊಡವೆ ಇಲ್ಲ. ಅದರ ಬದುಕು ಗೆದ್ದಲು, ಇರುವೆ, ಹಣ್ಣು, ಜೇನಿನ ಮೇಲೆ. ಮೇಲ್ದವಡೆಯ ಮುಂದಿನ ಎರಡು ಹಲ್ಲು ಅದಕ್ಕೆ ಹುಟ್ಟಾ ಇಲ್ಲ. 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಉದ್ದ ಉಗುರು, ಇಲ್ಲದ ಹಲ್ಲು ನೋಡಿ ಇದನ್ನು ದಕ್ಷಿಣ ಅಮೆರಿಕದ ಮರಗಳಲ್ಲಿ ತಲೆಕೆಳಗಾಗಿ ಜೋತಾಡುವ ಸ್ಲಾತ್ ಪ್ರಾಣಿಯ ಬಳಗಕ್ಕೆ ಸೇರಿಸಿಬಿಟ್ಟಿದ್ದ. ಸಂತೆಯಲ್ಲಿ ಕುಣಿಸಿದವರನ್ನೂ ಸೇರಿಸಿ, ಈ ಪ್ರಾಣಿಯನ್ನು ಸರಿಯಾಗಿ ನೋಡದವರ ಪಟ್ಟಿ ದೊಡ್ಡದೇ. ಆ ಹಲ್ಲಿನ ಖಾಲಿ ಜಾಗದಲ್ಲೇ ಅದರ ಜಾಣತನವಿದೆ. ಹುತ್ತವನ್ನು ಉಗುರಿನಿಂದ ಬಗೆದು, ಮೊದಲು ಉಫ್ ಎಂದು ಊದಿ ಮಣ್ಣು ಹಾರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಸಡಿಲ ತುಟಿಗಳನ್ನು ಕೊಳವೆ ಮಾಡಿ, ಆ ಸಂದಿನಿಂದ ಗೆದ್ದಲುಗಳನ್ನು ಒಳಗೆಳೆಯುತ್ತದೆ. ಆ ಸದ್ದು ನೂರು ಮೀಟರಿಗೂ ಕೇಳುತ್ತದೆ. ವೀಕ್ಷಣಾ ಗೋಪುರದ ಮೇಲೆ ಕೂತು ಮೊದಲ ಸಲ ಕೇಳಿದಾಗ ನಮ್ಮ ಅಳಿಯ, ‘ಮಾವಾ, ಯಾರೋ ಬೋರಿನ ಮೋಟರ ಚಾಲೂ ಮಾಡ್ಯಾರ ನೋಡು’ ಎಂದ.

ಇನ್ನು ಮರಿಯ ಸಂಗತಿ. ಇದನ್ನು ನಮ್ಮ ಹಬ್ಬಗಳ ಲೆಕ್ಕದಲ್ಲಿ ಹೇಳಿದರೆ ಸುಲಭ.

ಎಳ್ಳಮಾವಾಸ್ಯೆಗೆ ನಾವು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಆಸುಪಾಸಿನಲ್ಲಿ ಬಂಡೆಯ ಸಂದಿಯೊಳಗೆ ಕರಡಿ ಹೆರುತ್ತದೆ. ಒಂದು ಮರಿ, ಹೆಚ್ಚಾಗಿ ಎರಡು. ಕಣ್ಣು ಮುಚ್ಚಿರುತ್ತವೆ, ತೂಕ ಅರ್ಧ ಕಿಲೋ ಕೂಡ ಇರುವುದಿಲ್ಲ. ಮೂರು ವಾರಕ್ಕೆ ಕಣ್ಣು ಬಿಡುತ್ತವೆ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಲ್ಲಿ ಉಧೋ ಉಧೋ ಎದ್ದಾಗ ಮರಿಗಳಿನ್ನೂ ಕತ್ತಲಲ್ಲೇ. ಹೊರಗೆ ಬಾರಿ ಹಣ್ಣಿನ ಕಾಲ. ತಾಯಿ ರಾತ್ರಿ ಹೋಗಿ ತಿಂದು ಬಂದು ಹಾಲೂಡುತ್ತಾಳೆ.

ಯುಗಾದಿಯ ಸುಮಾರಿಗೆ ಮರಿ ಹೊರಬರುತ್ತದೆ. ಬರುವುದು ನಡೆದುಕೊಂಡಲ್ಲ, ತಾಯಿಯ ಬೆನ್ನೇರಿ. ಲೋಕದ ಎಂಟು ಜಾತಿಯ ಕರಡಿಗಳಲ್ಲಿ ಮರಿಯನ್ನು ಹೀಗೆ ತಿಂಗಳುಗಟ್ಟಲೆ ಬೆನ್ನ ಮೇಲೆ ಹೊತ್ತು ತಿರುಗುವವಳು ನಮ್ಮವಳೊಬ್ಬಳೇ. ಅಲಾಸ್ಕದ ಗ್ರೇಜರಳ ಮರಿಗೆ ಈ ಸವಲತ್ತು ಇಲ್ಲ. ಅದು ಹುಟ್ಟಿದ ವರ್ಷವೇ ಅಮ್ಮನ ಹಿಂದೆ ಓಡಬೇಕು, ನೀರಿಗಿಳಿದರೆ ಕಾಯಬೇಕು. ಇಲ್ಲಿ ಭುಜದ ಬಳಿಯ ಆ ಉದ್ದ ಕೂದಲು ಮರಿಗಳ ಹಿಡಿಕೆ. ಎರಡಿದ್ದರೆ ಮುಂದಿನ ಜಾಗಕ್ಕೆ ಜಗಳ. ನಮ್ಮೂರ ಬಸ್ಸಿನಲ್ಲಿ ಕಿಟಕಿ ಸೀಟಿಗೆ ನಡೆಯುವುದರಷ್ಟೇ ಗಂಭೀರ. ಚಿರತೆಯ ವಾಸನೆ ಬಂದರೆ ಕೆಳಗಿದ್ದ ಮರಿ ಒಂದೇ ಜಿಗಿತಕ್ಕೆ ಮೇಲೆ. ಬಂಡೆಯ ಓರೆಯಲ್ಲಿ ತಾಯಿ ಇಳಿಯುವಾಗ ಅವಳ ಕತ್ತಿನ ಹಿಂದೆ ಇನ್ನೊಂದು ಕಪ್ಪು ತಲೆ ಎದ್ದು ಇತ್ತ ನೋಡಿದ್ದನ್ನು ಕಂಡಾಗ, ಸಂತೆಯಲ್ಲಿ ದೊಡ್ಡವ್ವ ನನ್ನನ್ನು ಕೂಡಿಸಿದ್ದು ಯಾರ ಜಾಗದಲ್ಲಿ ಎಂದು ತಿಳಿಯಿತು.

ಆಗಿನಿಂದ ಮರಿಯ ಶಾಲೆ ಶುರು. ಬೇಸಿಗೆಯಲ್ಲಿ ಕಕ್ಕೆಯ ಕೋಲುಕಾಯಿ ಮುರಿದು ಒಳಗಿನ ಕಪ್ಪು ತಿರುಳು ನೆಕ್ಕುವ ಪಾಠ. ಬಿಸಿಲು ಏರಿ ಕವಳಿ ಹಣ್ಣು ಕಪ್ಪಾಗುವಾಗ ಮುಳ್ಳಿನ ನಡುವೆ ತುಟಿ ತೂರಿಸುವ ಪಾಠ. ಕಾರಹುಣ್ಣಿಮೆಗೆ ನಾವು ಎತ್ತುಗಳಿಗೆ ಬಣ್ಣ ಹಚ್ಚುವ ಕಾಲಕ್ಕೆ ನೇರಳೆ, ಈಚಲ ಹಣ್ಣು. ಮೊದಲ ಮಳೆ ಬಿದ್ದು ಹುತ್ತ ಮೆತ್ತಗಾದರೆ ಮುಖ್ಯ ಪಾಠ, ಅಗೆಯುವುದು. ತಾಯಿ ಅಗೆಯುವಾಗ ಮರಿ ಬೆನ್ನಿಂದ ಇಳಿದು ಪಕ್ಕದಲ್ಲಿ ತನ್ನದೊಂದು ಸಣ್ಣ ಗುಂಡಿ ತೋಡುವುದನ್ನು ದುರ್ಬೀನಿನಲ್ಲಿ ನೋಡಿದ್ದೇನೆ. ಗೆದ್ದಲೇ ಇಲ್ಲದ ಜಾಗದಲ್ಲಿ ತೋಡಿತು. ಊದಿತು. ತನ್ನ ಕಣ್ಣಿಗೇ ಮಣ್ಣು ಹಾರಿಸಿಕೊಂಡಿತು. ತಿರುಗಿ ತಾಯಿಯ ಗುಂಡಿಗೆ ಮೂತಿ ಹಾಕಿತು.

ಶ್ರಾವಣ ಕಳೆದು, ನಮ್ಮಲ್ಲಿ ಹೆಸರು ಕಿತ್ತು ಹಿಂಗಾರಿಗೆ ಹೊಲ ಹದ ಮಾಡುವ ಹೊತ್ತಿಗೆ ಮರಿ ಬೆನ್ನಿಗೆ ಭಾರವಾಗಿರುತ್ತದೆ. ಏರಲು ಬಂದರೆ ತಾಯಿ ಒಮ್ಮೊಮ್ಮೆ ಸುಮ್ಮನೆ ಕೂತುಬಿಡುತ್ತಾಳೆ. ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ ಮುಗಿಸಿಕೊಂಡು ಹೋದಾಗ ಸೀತಾಫಲದ ಕಾಲ. ಮರಿ ನೆಲದ ಮೇಲೆ ತಾಯಿಯ ಹಿಂದಿತ್ತು, ಹಣ್ಣಿಗೆ ತಾನೇ ಮುಂದಾಗಿತ್ತು. ಯುಗಾದಿಗೆ ನೋಡಿದ ಮರಿಯೇ ಅದು ಎಂದು ಪ್ರಮಾಣ ಮಾಡಲಾರೆ. ಅಲ್ಲಿಯ ವಾಚರ್ ‘ಅದೇ ಸರ್, ಅದರವ್ವನ ಕಿವಿ ಹರದೈತಿ ನೋಡ್ರಿ’ ಎಂದ, ನಂಬಿದೆ. ನಮ್ಮ ಕರಡಿಗೆ ಹಿಮವಿಲ್ಲ, ನಿದ್ದೆಗಾಲವಿಲ್ಲ. ಅಲಾಸ್ಕದ್ದು ವರ್ಷಕ್ಕೊಂದೇ ಸುಗ್ಗಿ, ಕಣಜ ತುಂಬಿ ಮಲಗುವ ಒಕ್ಕಲುತನ; ನಮ್ಮದು ದಿನಗೂಲಿ, ಇವತ್ತು ಅಗೆದದ್ದು ಇವತ್ತಿಗೆ. ಹಾಗಾಗಿ ಇಲ್ಲಿ ಮರಿ ಕಲಿಯಬೇಕಾದದ್ದೂ ಹೆಚ್ಚು. ಯಾವ ಹಣ್ಣು ಯಾವ ತಿಂಗಳು, ಯಾವ ಹುತ್ತ ಯಾವ ಮಳೆಗೆ, ಯಾವ ಹಳ್ಳದಲ್ಲಿ ಚೈತ್ರದ ಕಡೆಗೂ ನೀರು. ತಾಯಿಯ ಬೆನ್ನ ಮೇಲೆ ಕೂತು ಕಾಡು ಸುತ್ತಿದ್ದೇ ಅದರ ಓದು. ಒಂದೂವರೆಯಿಂದ ಎರಡೂವರೆ ವರ್ಷ ಈ ಓದು ನಡೆಯುತ್ತದೆ. ಅದಾದ ಮೇಲೆ ತಾಯಿ ಬಿಡುತ್ತಾಳೆ.

ದರೋಜಿಗೆ ಹೋಗಿಬಂದವರು ನನ್ನ ಮೇಲೆ ಒಂದು ಆಕ್ಷೇಪ ಎತ್ತಬಹುದು: ‘ಅಲ್ಲಿ ಬಂಡೆಗೆ ಬೆಲ್ಲ ಬಳೀತಾರಲ್ರೀ, ಅದನ್ನ ಯಾಕ ಹೇಳ್ಲಿಲ್ಲ?’ ಹೌದು, ಬಳಿಯುತ್ತಾರೆ. ಮಧ್ಯಾಹ್ನ ಗೋಪುರದೆದುರಿನ ಬಂಡೆಗಳಿಗೆ ಸಿಬ್ಬಂದಿ ಬೆಲ್ಲದ ಪಾಕ ಸವರಿ ಬರುತ್ತಾರೆ, ನಾಲ್ಕರ ಸುಮಾರಿಗೆ ಕರಡಿಗಳು ಒಂದೊಂದಾಗಿ ಇಳಿದು ನೆಕ್ಕುತ್ತವೆ. ನನ್ನಂಥವರು ಊರಿಂದ ಹೋಗಿ ಸಂಜೆಯೊಳಗೆ ಕರಡಿ ನೋಡಿ ಬರಲು ಸಾಧ್ಯವಾಗುವುದು ಆ ಬೆಲ್ಲದಿಂದ. ಬೆಲ್ಲ ಕರಡಿಯ ಹಸಿವಿಗಲ್ಲ, ನಮ್ಮ ಕಣ್ಣಿನ ಹಸಿವಿಗೆ. ಮರಿಯ ತಿಂಗಳ ಪಟ್ಟಿಯಲ್ಲಿ ದಿನವೂ ನಾಲ್ಕು ಗಂಟೆಗೆ ಸಿಹಿ ಎಂಬುದೊಂದು ಸೇರಿಕೊಂಡರೆ ಅದು ಒಳ್ಳೆಯ ಪಾಠವಲ್ಲವೆಂದೇ ನನ್ನ ಎಣಿಕೆ. ಕಬ್ಬು, ಶೇಂಗಾ, ಗೋವಿನಜೋಳದ ಹೊಲಗಳು ಕಾಡಿನ ಅಂಚಿಗೇ ಇರುವಾಗ ಸಿಹಿಯ ರುಚಿ ಹತ್ತಿದ ಕರಡಿ ಎಲ್ಲಿಗೆ ಹೋಗಬೇಕು? ಆದರೂ ಬೆಲ್ಲ ನಿಲ್ಲಿಸಿದ ದಿನ ಗೋಪುರಕ್ಕೆ ಜನ ಬರುವುದು ನಿಲ್ಲುತ್ತದೆ, ಜನ ನಿಂತರೆ ಗುಡ್ಡದ ಮೇಲೆ ಕಲ್ಲುಗಣಿಯವರ ಕಣ್ಣು ಬೀಳಲು ತಡವಾಗುವುದಿಲ್ಲ ಎಂದು ಅಳಿಯನ ವಾದ. ಅದನ್ನು ತಳ್ಳಿಹಾಕಲು ನನ್ನ ಬಳಿ ಮಾತಿಲ್ಲ. ನನಗೆ ಹಿಡಿಸಿದ್ದು ಬೆಲ್ಲದ ಬಂಡೆಯಲ್ಲ, ಅದಕ್ಕೆ ಬರುವ ದಾರಿಯಲ್ಲಿ ಹುತ್ತದ ಬಳಿ ತಡೆದು ನಿಂತ ಆ ತಾಯಿ ಮರಿ.

ನಮ್ಮ ಸಂತೆಯ ಕರಡಿಗೆ ಈ ಓದು ಒಂದು ದಿನವೂ ಸಿಕ್ಕಿರಲಿಲ್ಲ. ಅದು ನಮಗೆ ತಿಳಿಯದೇ ಹೋದದ್ದೇ ಸೋಜಿಗ. ಕಣ್ಣು ಬಿಟ್ಟು ಕೆಲವೇ ವಾರವಾದ ಮರಿಯನ್ನು ಗುಹೆಯಿಂದ ತೆಗೆಯುತ್ತಿದ್ದರು, ಅದಕ್ಕಾಗಿ ಹಲವು ಸಲ ತಾಯಿಯನ್ನೇ ಕೊಲ್ಲುತ್ತಿದ್ದರು. ಕಾದ ಸೂಜಿಯಿಂದ ಮೂತಿ ತೂತು ಮಾಡಿ ಹಗ್ಗ ಪೋಣಿಸುತ್ತಿದ್ದರು, ಹಲ್ಲು ಮುರಿಯುತ್ತಿದ್ದರು. ಆಡಿಸುವವರು ಕಲಂದರ್ ಸಮುದಾಯದ ಕಡುಬಡವರು; ತಲೆಮಾರುಗಳ ಕಸುಬು, ಬೇರೆ ದಾರಿ ತೋರಿಸಿದವರಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಕರಡಿ ನಮ್ಮ ಓಣಿಗಳಲ್ಲಿ ಕುಣಿಯುತ್ತಲೇ ಇತ್ತು. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಕಲಂದರರಿಗೆ ಬೇರೆ ದುಡಿಮೆಗೆ ನೆರವು ಕೊಟ್ಟು ಕರಡಿಗಳನ್ನು ಬಿಡಿಸಿಕೊಳ್ಳುತ್ತ ಬಂತು. 2009ರ ಡಿಸೆಂಬರಿನಲ್ಲಿ ಕೊನೆಯ ಕುಣಿಯುವ ಕರಡಿ ರಾಜು ಬೆಂಗಳೂರಿನ ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರ ಸೇರಿದ. ಹಗ್ಗ ತೆಗೆದರು, ಗಾಯಕ್ಕೆ ಔಷಧ ಹಚ್ಚಿದರು, ಹೊಟ್ಟೆ ತುಂಬ ಹಾಕಿದರು. ಕಾಡಿಗೆ ಮಾತ್ರ ಬಿಡಲಾಗಲಿಲ್ಲ. ಹೀಗೆ ಬಂದ ಕರಡಿಗಳು ಮೈಯಲ್ಲಿ ದೊಡ್ಡವಾದರೂ ಹುತ್ತ ಯಾವುದು, ಹಣ್ಣು ಯಾವಾಗ ಎಂಬುದು ತಿಳಿಯದವು. ತಿಳಿದರೂ ಹಲ್ಲಿಲ್ಲ, ಉಗುರಿಲ್ಲ. ಬೇಲಿಯೊಳಗೆ ಗಂಜಿ, ಹಣ್ಣು ತಿಂದೇ ಮುದಿಯಾಗಬೇಕು.

ಇದನ್ನು ಮೊಮ್ಮಗಳಿಗೆ ಹೇಳಿದೆ. ‘ಮತ್ತ ನೀ ಅದರ ಮ್ಯಾಲೆ ಕುಂತಿದ್ದೆಲ್ಲ?’ ಎಂದಳು. ಕುಂತಿದ್ದೆ ಎಂದೆ. ಅವಳು ಅಷ್ಟಕ್ಕೇ ಬಿಡದೆ ಅಂಜಿಕೆ ಹೋಯಿತೋ ಇಲ್ಲವೋ ಎಂದೂ ವಿಚಾರಿಸಿದಳು. ರಾತ್ರಿ ಕರೆಂಟು ಹೋದರೆ ಟಾರ್ಚು ಹುಡುಕುವವರಲ್ಲಿ ಮೊದಲಿಗ ಯಾರೆಂದು ಅವಳಿಗೇ ಗೊತ್ತು.

ಕಿತ್ತೂರು, ಖಾನಾಪುರ ಕಡೆಯ ಓದುಗರಲ್ಲಿ ಒಂದು ಮಾತು. ಚಳಿಗಾಲದಲ್ಲಿ, ಬೇಸಿಗೆಯ ಮೊದಲಲ್ಲಿ ಬಂಡೆಯ ಸಂದಿಯಲ್ಲೋ ಹಳ್ಳದ ಪೊದೆಯಲ್ಲೋ ಕರಡಿ ಮರಿ ಒಂಟಿಯಾಗಿ ಕಂಡರೆ ಅದನ್ನು ಅನಾಥ ಎಂದುಕೊಂಡು ಮನೆಗೆ ತರಬೇಡಿ, ಫೋಟೊಕ್ಕಾಗಿ ಎತ್ತಿಕೊಳ್ಳಬೇಡಿ. ತಾಯಿ ತಿನ್ನಲು ಹೋಗಿರುತ್ತಾಳೆ, ಬರುತ್ತಾಳೆ. ಅವಳು ಬಂದಾಗ ನೀವು ಅಲ್ಲಿರಬಾರದು. ಬಂದ ದಾರಿಯಲ್ಲೇ ಹಿಂದೆ ಸರಿಯಿರಿ, ಅರಣ್ಯ ಇಲಾಖೆಗೆ ತಿಳಿಸಿ. ಸಹಾಯವಾಣಿಯ ಸಂಖ್ಯೆ 1926. ಹೊತ್ತು ಮುಳುಗಿದ ಮೇಲೆ ಕಬ್ಬಿಗೆ ನೀರು ಬಿಡಲು ಹೋಗುವವರು ಬ್ಯಾಟರಿ ಹಿಡಿದು, ಇಬ್ಬರಾಗಿ, ಜೋರಾಗಿ ಮಾತಾಡುತ್ತ ಹೋಗಿ. ಕರಡಿಗೆ ಕಣ್ಣು ಅಷ್ಟು ಚುರುಕಿಲ್ಲ. ನಿಮ್ಮ ದನಿ ದೂರದಿಂದಲೇ ಕೇಳಿದರೆ ಮರಿಯನ್ನು ಬೆನ್ನಿಗೇರಿಸಿಕೊಂಡು ಅದೇ ದಾರಿ ಬಿಡುತ್ತದೆ.